ಕೆಟ್ಟ ದಿನಕ್ಕೂ ಒಂದು ನಕ್ಷೆ ಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮತ್ತು ಅವರ ಪ್ರಾಜೆಕ್ಟ್ ತಿದ್ದುವ ಗುರುಗಳಿಗೆ,

ಮುಧೋಳ ತಾಲ್ಲೂಕಿನ ಒಬ್ಬ ಮೋಟಾರ್ ರಿವೈಂಡಿಂಗ್ ಅಂಗಡಿಯವನ ನಮಸ್ಕಾರಗಳು.

ನಿಮ್ಮಲ್ಲಿ ಕೆಲವರಿಗೆ ನನ್ನ ಗುರುತಿದೆ. ಫೆಬ್ರವರಿ ಬಂತೆಂದರೆ ಒಂದೇ ಬೈಕಿನ ಮೇಲೆ ಮೂವರು ಕುಳಿತು ಬಂದು ಅಂಗಡಿಯ ಮುಂದೆ ಇಳಿಯುತ್ತೀರಿ. ಕೇಳುವ ಸಾಮಾನು ಪ್ರತಿ ವರ್ಷವೂ ಅದೇ: ಹಳೆಯ ಕಾರಿನ ವೈಪರ್ ಮೋಟಾರ್, ಸೈಕಲ್ ಚೈನು, ಎರಡು ಬೇರಿಂಗು, ಒಂದಿಷ್ಟು ಚೌಕ ಪೈಪು. "ಕಾಕಾ, ಇದೊಂದು ವೆಲ್ಡಿಂಗ್ ಮಾಡಿಕೊಡಿ, ಸೋಮವಾರ ರಿವ್ಯೂ ಇದೆ" ಎನ್ನುತ್ತೀರಿ. ಮಾಡಿಕೊಡುತ್ತೇನೆ. ದುಡ್ಡು ಹೆಚ್ಚು ಕೇಳುವುದಿಲ್ಲ, ಏಕೆಂದರೆ ನನ್ನ ಮಗಳೂ ಒಂದು ಕಾಲಕ್ಕೆ ಯಾವುದೋ ಊರಿನಲ್ಲಿ ಯಾರದೋ ಅಂಗಡಿಯ ಮುಂದೆ ಹೀಗೆಯೇ ನಿಂತಿದ್ದಳು.

ಈ ಸಲ ವೆಲ್ಡಿಂಗ್ ಜೊತೆಗೆ ನಾಲ್ಕು ಮಾತನ್ನೂ ಸೇರಿಸಿ ಕೊಡುತ್ತಿದ್ದೇನೆ. ಪತ್ರ ಉದ್ದವಾಗಿದೆ, ರಿವ್ಯೂ ಮುಗಿದ ಮೇಲೆ ಓದಿದರೂ ಸರಿ.

ಎರಡು ವರ್ಷದ ಹಿಂದೆ ನಾಲ್ವರು ಹುಡುಗರು ಕಳೆ ತೆಗೆಯುವ ಯಂತ್ರ ಮಾಡಿದ್ದರು. ಬ್ಯಾಟರಿಯ ಮೇಲೆ ಓಡುತ್ತಿತ್ತು, ಮೊಬೈಲಿನಿಂದ ಅದನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದಿತ್ತು. ವರದಿಯ ಮುಖಪುಟದಲ್ಲಿ 'ಸಣ್ಣ ರೈತರಿಗಾಗಿ ಕಡಿಮೆ ವೆಚ್ಚದ' ಎಂಬ ಮಾತು ದಪ್ಪಕ್ಷರದಲ್ಲಿತ್ತು. ಕಾಲೇಜಿನ ಟೈಲ್ಸ್ ಮೇಲೆ ಅದು ಓಡುವ ವಿಡಿಯೋ ತೋರಿಸಿದರು. ಬಹಳ ಚೆನ್ನಾಗಿ ಓಡುತ್ತಿತ್ತು. ನನ್ನ ಅಂಗಡಿಯ ಹಿಂದೆ ಅಣ್ಣನ ಎರಡೆಕರೆ ಕಬ್ಬಿನ ಹೊಲವಿದೆ. ಎರೆಭೂಮಿ, ನೀರು ಬಿಟ್ಟು ಮೂರು ದಿನವಾಗಿತ್ತು. ಅಲ್ಲಿಗೆ ಒಯ್ದೆವು. ಎಂಟು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಗಾಲಿಯೇ ಕಾಣದಾಯಿತು. ಆ ಹೊಲದಲ್ಲಿ ಆರು ಮಂದಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಿದ್ದರು. ಅವರಲ್ಲಿ ಹಿರಿಯಳೊಬ್ಬಳು ಕುರ್ಪಿಯನ್ನು ಕೆಳಗಿಟ್ಟು ಬಂದು, ಯಂತ್ರದ ಒಂದು ಅಂಚನ್ನು ಎತ್ತಿ ನೋಡಿ, ಅಲ್ಲಿಯೇ ಬಿಟ್ಟಳು. "ಇದನ್ನು ಮನೆಯಿಂದ ಹೊಲಕ್ಕೆ ಹೊತ್ತು ತರುವವರು ಯಾರಪ್ಪಾ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರ ಎಷ್ಟು ತೂಗುತ್ತದೆ ಎಂದು ಯಾರೂ ನೋಡಿರಲಿಲ್ಲ. ತಂದು ಗುಜರಿ ತೂಗುವ ತಕ್ಕಡಿಯ ಮೇಲಿಟ್ಟೆವು: 34 ಕಿಲೋ.

ಗಾಲಿ, ತೂಕ ಇವೆಲ್ಲ ತಿದ್ದಬಹುದಾದ ತಪ್ಪುಗಳು. ಮಣ್ಣು ಕೆರೆಯಲು ಗಾಲಿಗೊಂದು ಪಟ್ಟಿ ಕೂರಿಸಿದರೆ ಅರ್ಧ ಕೆಲಸವಾಯಿತು, ಅದನ್ನು ನಾನೇ ಮಾಡಿಕೊಟ್ಟೆ. ನನ್ನನ್ನು ಕಾಡಿದ್ದು ಆಮೇಲಿನ ಮಾತು.

"ತಮ್ಮಾ, ಈ ಬೋರ್ಡ್ ಸುಟ್ಟರೆ?"

"ಆನ್‌ಲೈನ್‌ನಲ್ಲಿ ಸಿಗುತ್ತದೆ ಕಾಕಾ. ನಾಲ್ಕೈದು ದಿನದಲ್ಲಿ ಬರುತ್ತದೆ."

"ಬಂದ ಮೇಲೆ ಹಾಕುವವರು?"

"ನಾವೇ ಹಾಕಿಕೊಡುತ್ತೇವೆ."

"ಬರುವ ಶ್ರಾವಣದಲ್ಲಿ ನೀವು ಎಲ್ಲಿರುತ್ತೀರಿ?"

ಒಬ್ಬ ಬೆಂಗಳೂರು ಎಂದ, ಒಬ್ಬ ಪುಣೆ ಎಂದ. ಉಳಿದಿಬ್ಬರು ಇನ್ನೂ ಗೊತ್ತಿಲ್ಲ ಎಂದರು.

ಹೊಲದ ಕೆಲಸಕ್ಕೆ ತಾರೀಕು ಇರುವುದಿಲ್ಲ, ಹದ ಇರುತ್ತದೆ. ಮಳೆ ಬಿದ್ದ ಮರುದಿನ ಎರೆಯೊಳಗೆ ಕಾಲಿಟ್ಟರೆ ಕಾಲನ್ನು ಕಿತ್ತು ತೆಗೆಯಬೇಕು. ವಾರ ಬಿಟ್ಟರೆ ಮೇಲ್ಪದರ ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಡುವೆ ಸಿಗುವ ಎರಡು ಮೂರು ದಿನದಲ್ಲಿ ಎಡೆ ಹೊಡೆಯಬೇಕು, ಬಿತ್ತಬೇಕು, ಏನು ಮಾಡುವುದಿದ್ದರೂ ಮಾಡಬೇಕು. ನಾಲ್ಕೈದು ದಿನ ಎಂದರೆ ನಿಮ್ಮ ಲೆಕ್ಕದಲ್ಲಿ ಬೇಗ. ರೈತನ ಲೆಕ್ಕದಲ್ಲಿ ಅದು ಒಂದು ಹದ ಹೋದ ಹಾಗೆ.

ಯಂತ್ರಕ್ಕೆ ಎರಡು ಬೆಲೆ ಇರುತ್ತವೆ: ಕೊಂಡ ದಿನದ್ದು, ಕೆಟ್ಟ ದಿನದ್ದು. ನಿಮ್ಮ ವರದಿಯಲ್ಲಿ ಮೊದಲನೆಯದಕ್ಕೆ ಒಂದು ಪೂರ್ತಿ ಕೋಷ್ಟಕ ಇರುತ್ತದೆ, ನಟ್ಟು ಬೋಲ್ಟಿನ ಲೆಕ್ಕವೂ ಸೇರಿ. ಎರಡನೆಯದಕ್ಕೆ ಒಂದು ಸಾಲೂ ಇರುವುದಿಲ್ಲ. ನಾನು ಮೂವತ್ತೊಂದು ವರ್ಷದಿಂದ ರೊಟ್ಟಿ ತಿನ್ನುತ್ತಿರುವುದು ಆ ಎರಡನೆಯ ಬೆಲೆಯಿಂದ. ಹಾಗಾಗಿ ಅದರ ಬಗ್ಗೆ ಮಾತನಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನನ್ನ ಕೆಲಸ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಘಟಪ್ರಭೆಯ ದಂಡೆಯ ಹೊಲಗಳಲ್ಲಿ ಮೋಟಾರ್ ಸುಡುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ. ಮೂರು ಫೇಸಿನಲ್ಲಿ ಒಂದು ತಪ್ಪಿದರೆ ಸಾಕು. ಉಳಿದೆರಡರ ಮೇಲೆ ಭಾರ ಬಿದ್ದು ಸುರುಳಿ ಕಾದು ಕರಿಯಾಗುತ್ತದೆ. ವೋಲ್ಟೇಜ್ ಇಳಿದರೂ ಅದೇ ಗತಿ. ಸುಟ್ಟ ಮೋಟಾರನ್ನು ಟ್ರ್ಯಾಕ್ಟರಿನಲ್ಲೋ ಬೈಕಿನ ಹಿಂದೆ ಕಟ್ಟಿಕೊಂಡೋ ಸಂಜೆ ಹೊತ್ತಿಗೆ ತರುತ್ತಾರೆ. ನಾಲ್ಕು ಬೋಲ್ಟ್ ಬಿಚ್ಚಿದರೆ ಅದರ ಹೊಟ್ಟೆ ಕಾಣುತ್ತದೆ. 36 ಸ್ಲಾಟುಗಳಿಂದ ಸುಟ್ಟ ತಂತಿ ತೆಗೆಯುವಾಗ ಸುತ್ತು ಎಣಿಸುತ್ತೇನೆ, ಗೇಜ್ ಅಳೆಯುತ್ತೇನೆ, ಅದೇ ಲೆಕ್ಕಕ್ಕೆ ಹೊಸ ತಾಮ್ರ ಸುತ್ತಿ, ಕಾಗದ ಕೂರಿಸಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುತ್ತೇನೆ. ಯಾವ ಕಂಪನಿಯೂ ನನಗೆ ಇದನ್ನು ಕಲಿಸಿಲ್ಲ. ಅರ್ಧ ಕಲಿತದ್ದು ಐಟಿಐಯಲ್ಲಿ, ಇನ್ನರ್ಧ ಮೋಟಾರ್ ಚಾಲೂ ಮಾಡುವ ಹಳೆಯ ಸ್ಟಾರ್ಟರ್ ಡಬ್ಬಿಗಳ ಮುಚ್ಚಳದಿಂದ. ಹೌದು, ಮುಚ್ಚಳದಿಂದಲೇ. ಆಗಿನ ಸ್ಟಾರ್ಟರಿನ ಮುಚ್ಚಳ ತೆಗೆದರೆ ಒಳಮೈಗೆ ವೈರಿಂಗ್ ಚಿತ್ರ ಅಂಟಿಸಿರುತ್ತಿದ್ದರು. ಕಾಯಿಲ್ ಯಾವುದು, ಓವರ್‌ಲೋಡ್ ರಿಲೇ ಯಾವುದು, ಯಾವ ತಂತಿ ಎಲ್ಲಿಂದ ಎಲ್ಲಿಗೆ, ಎಲ್ಲವೂ ಅಲ್ಲಿರುತ್ತಿತ್ತು. ಅದನ್ನು ಮಾಡಿದವನಿಗೆ ಗೊತ್ತಿತ್ತು, ಇದು ಒಂದು ದಿನ ಕೆಡುತ್ತದೆ, ತಾನೆಂದೂ ನೋಡದ ಯಾವನೋ ಒಬ್ಬ ಇದನ್ನು ಬಿಚ್ಚುತ್ತಾನೆ, ಅವನ ಕೈಯಲ್ಲಿ ಒಂದು ಟೆಸ್ಟರ್ ಮಾತ್ರ ಇರುತ್ತದೆ ಎಂದು.

ಈಗ ಬರುವ ಎಷ್ಟೋ ಡಬ್ಬಿಗಳೊಳಗೆ ಬೋರ್ಡನ್ನು ಕಪ್ಪು ಅಂಟಿನಲ್ಲಿ ಮುಳುಗಿಸಿ ಕಲ್ಲು ಮಾಡಿರುತ್ತಾರೆ. ನೀರು, ಧೂಳು ಹೋಗಬಾರದೆಂದು ಹಾಗೆ ಮಾಡುತ್ತಾರೆ ಎನ್ನುವುದು ನಿಜ. ಅದು ಅರ್ಧ ಕಾರಣ. ಇನ್ನರ್ಧವನ್ನು ನೀವೇ ಊಹಿಸಿ.

ನನ್ನ ಅಂಗಡಿಯ ಮೂಲೆಯಲ್ಲಿ ಔಷಧಿ ಹೊಡೆಯುವ ಬ್ಯಾಟರಿ ಪಂಪುಗಳ ರಾಶಿಯಿದೆ. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನವು, ಒಳಗೆ 12 ವೋಲ್ಟಿನ ಸೀಸದ ಬ್ಯಾಟರಿ. ಒಂದನ್ನು ನಿಮ್ಮ ಮುಂದೆ ಬಿಚ್ಚುತ್ತೇನೆ ಎಂದುಕೊಳ್ಳಿ. ತಳದ ಆರು ಸ್ಕ್ರೂಗಳಲ್ಲಿ ಎರಡು ತುಕ್ಕು ಹಿಡಿದು ತಲೆ ಸವೆದಿರುತ್ತವೆ. ಒಳಗೆ ಒಂದು ಪುಟ್ಟ ಮೋಟಾರ್, ಅದಕ್ಕೆ ಅಂಟಿದ, ಔಷಧಿಯನ್ನು ತಳ್ಳುವ ಡಯಾಫ್ರಾಮ್, ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಪ್ರೆಶರ್ ಸ್ವಿಚ್. ಕೈಹಿಡಿ ಬಿಟ್ಟಾಗ ಒತ್ತಡ ಏರಿ ಮೋಟಾರ್ ನಿಲ್ಲಬೇಕಲ್ಲ, ಅದನ್ನು ನಿಲ್ಲಿಸುವುದು ಆ ಸ್ವಿಚ್. ಔಷಧಿಯ ಒಂದು ಹನಿ ಸೋರಿದರೂ ಅದರ ಸಂಪರ್ಕ ಹಸಿರುಗಟ್ಟುತ್ತದೆ. ಸೋರುವ ಜಾಗದ ನೇರ ಕೆಳಗೆ ಅದನ್ನು ಕೂರಿಸಿದ್ದಾರೆ. ಇದನ್ನು ರೂಪಿಸಿದವರು ಒಮ್ಮೆಯೂ ಔಷಧಿ ತುಂಬಿ ಬೆನ್ನಿಗೆ ಹಾಕಿಕೊಂಡಿಲ್ಲ ಎಂದು ನಾನು ಬಾಜಿ ಕಟ್ಟುತ್ತೇನೆ.

ಸ್ವಿಚ್ ಹೋದವು ಕಡಿಮೆ. ಹೆಚ್ಚಿನವು ಸತ್ತಿರುವುದು ಬ್ಯಾಟರಿಯಿಂದ, ಅದೂ ಉಪಯೋಗಿಸಿ ಅಲ್ಲ, ಉಪಯೋಗಿಸದೆ. ರೈತ ಎರಡು ತಿಂಗಳು ಔಷಧಿ ಹೊಡೆಯುತ್ತಾನೆ, ಬೆಳೆ ಬಂದ ಮೇಲೆ ಪಂಪನ್ನು ಅಟ್ಟಕ್ಕೆ ಏರಿಸುತ್ತಾನೆ. ಸೀಸದ ಬ್ಯಾಟರಿ ಚಾರ್ಜ್ ಇಳಿದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಬಿದ್ದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಅದು ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಎಂಬ ಮಾತು ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಇದೆ, ಇಂಗ್ಲಿಷಿನಲ್ಲಿ, ಒಂಬತ್ತನೆಯ ಪುಟದಲ್ಲಿ. ಆ ಪುಸ್ತಕದಲ್ಲಿ ರೈತರ ಮನೆಯ ಹುಡುಗ ಲೆಕ್ಕ ಬಿಡಿಸಿರುವುದನ್ನು ನೋಡಿದ್ದೇನೆ. ಪಂಪಿನ ಮೈಮೇಲೆ ಕನ್ನಡದ ಒಂದು ಸಾಲು ಇದ್ದಿದ್ದರೆ ಈ ರಾಶಿ ಅರ್ಧ ಇಳಿಯುತ್ತಿತ್ತು.

ಇದನ್ನೆಲ್ಲ ಸರಿಯಾಗಿ ಯೋಚಿಸಿ ಮಾಡಿದ ವಸ್ತುವೊಂದು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ವಿಜಯಪುರದಿಂದ ನೂರು ಕಿಲೋಮೀಟರ್ ಉತ್ತರಕ್ಕೆ ಸೊಲ್ಲಾಪುರವಿದೆ. ನಾವು ಬೋರಿಂಗ್ ಎಂದು ಕರೆಯುವ, ಊರೂರಿನ ಓಣಿಯ ತುದಿಯಲ್ಲಿ ನಿಂತಿರುವ ಕೈಪಂಪಿನ ಮೂಲ ಅಲ್ಲಿದೆ. ಅದಕ್ಕೂ ಮೊದಲು ನಮ್ಮ ದೇಶದ ಹಳ್ಳಿಗಳಿಗೆ ಬಂದಿದ್ದವು ಬೀಡುಕಬ್ಬಿಣದ ಪಂಪುಗಳು. ಅವು ಹೊರದೇಶಗಳಲ್ಲಿ ಒಂದು ಮನೆಯ ಹಿತ್ತಿಲಿಗೆಂದು ಮಾಡಿದ ಪಂಪುಗಳ ನಕಲು. ಒಂದು ಮನೆಯವರು ದಿನಕ್ಕೆ ನಾಲ್ಕು ಬಾರಿ ಹೊಡೆಯುವ ಪಂಪನ್ನು ಇಡೀ ಊರು ನಸುಕಿನಿಂದ ರಾತ್ರಿಯವರೆಗೆ ಹೊಡೆದರೆ ಏನಾಗಬೇಕೋ ಅದೇ ಆಯಿತು, ಮುರಿದವು. ಸೊಲ್ಲಾಪುರದಲ್ಲಿ ಕೊಳವೆಬಾವಿ ಕೆಲಸ ಮಾಡುತ್ತಿದ್ದವರು ಉಕ್ಕಿನ ತಗಡು, ಪೈಪುಗಳನ್ನು ಬೆಸೆದು, ಹಿಡಿಯನ್ನು ಒಂದೇ ಅಚ್ಚಿನ ಮೇಲೆ ಕೂರಿಸಿ ಬೇರೆ ಪಂಪು ಮಾಡಿದರು. 1970ರ ದಶಕದಲ್ಲಿ ಯುನಿಸೆಫ್, ಸರ್ಕಾರ ಮತ್ತು ಮದ್ರಾಸಿನ ಕಾರ್ಖಾನೆಯೊಂದು ಸೇರಿ ಅದನ್ನೇ ತಿದ್ದಿ ಇಂಡಿಯಾ ಮಾರ್ಕ್ 2 ಮಾಡಿದವು. ಅದಕ್ಕೆ ಯಾರ ಪೇಟೆಂಟೂ ಇರಲಿಲ್ಲ. ನಕ್ಷೆ ಎಲ್ಲರದಾಗಿತ್ತು, ಅಳತೆಗಳು ಭಾರತೀಯ ಮಾನಕದಲ್ಲಿ ಅಚ್ಚಾಗಿದ್ದವು. ಒಂದು ಕಾರ್ಖಾನೆಯ ಚೈನು ಇನ್ನೊಂದರ ಪಂಪಿಗೆ ಕೂರುತ್ತಿತ್ತು.

ನಿಮಗೆ ಹೇಳಬೇಕಾದ್ದು ಇದರ ಮುಂದಿನ ಕಥೆ. ಮಾರ್ಕ್ 2 ಗಟ್ಟಿಯಾಗಿತ್ತು, ಆದರೆ ಒಳಗಿನ ವಾಷರ್ ಸವೆದರೆ ಮೇಲಿನಿಂದ ಕೆಳಗಿನವರೆಗೆ ಪೈಪುಗಳನ್ನೆಲ್ಲ ಎಳೆದು ಹೊರಗೆ ಹಾಕಬೇಕಿತ್ತು. ಮುಕ್ಕಾಲಿ, ಹಗ್ಗ, ನಾಲ್ಕಾರು ಆಳು, ತಾಲ್ಲೂಕಿನಿಂದ ಗಾಡಿ. ಗಾಡಿ ಬರುವವರೆಗೆ ಹೆಂಗಸರು ಹಳ್ಳದ ನೀರಿಗೆ ನಡೆಯಬೇಕು. 1980ರ ದಶಕದಲ್ಲಿ ಕೊಯಮತ್ತೂರಿನ ಸುತ್ತ ಪರೀಕ್ಷೆ ನಡೆಸಿ ಮಾರ್ಕ್ 3 ತಂದರು. ಅದರಲ್ಲಿ ಮಾಡಿದ ಮುಖ್ಯ ಬದಲಾವಣೆ, ನೀರೇರುವ ಪೈಪನ್ನು ಅಗಲ ಮಾಡಿದ್ದು. ಪೈಪು ಅಲ್ಲಿಯೇ ಇರುತ್ತದೆ, ಒಳಗಿನ ಪಿಸ್ಟನ್, ವಾಲ್ವುಗಳನ್ನು ಮಾತ್ರ ಮೇಲಿನಿಂದ ಎಳೆದು ತೆಗೆಯಬಹುದು. ಊರಿನವರೇ ಇಬ್ಬರು ಸೇರಿ ವಾಷರ್ ಬದಲಿಸಬಹುದು. ಅಗಲ ಪೈಪಿಗೆ ದುಡ್ಡು ಹೆಚ್ಚು, ತೂಕವೂ ಹೆಚ್ಚು. ಅಂದರೆ ಅವರು ಪಂಪಿನ ಬೆಲೆ ಏರಿಸಿದರು, ಗೊತ್ತಿದ್ದೇ ಏರಿಸಿದರು. ಕೆಟ್ಟ ದಿನದ ಬೆಲೆ ಇಳಿಯಲಿ ಎಂದು. ನಿಮ್ಮ ವೈವಾದಲ್ಲಿ ಯಾರಾದರೂ "ಇದೇಕೆ ಇಷ್ಟು ದುಬಾರಿ" ಎಂದು ಕೇಳಿದರೆ ಹೇಳಲು ನಿಮ್ಮ ಬಳಿ ಇಂಥ ಒಂದು ಉತ್ತರ ಇರಲಿ ಎಂಬುದು ನನ್ನ ಆಸೆ.

ಇದಕ್ಕೆ ತಿರುಗುಮುರುಗಾದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಮ್ಮ ಭಾಗದ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ ಕೆಡುತ್ತದೆ. ಹಾಗಾಗಿ ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಅಂಥ ಘಟಕ ಬೇಸಿಗೆಯ ಮೂರು ತಿಂಗಳು ಮುಚ್ಚಿತ್ತು. ಹೋಗಿ ನೋಡಿದೆ. ಪಂಪು ಓಡುತ್ತಿತ್ತು. ನೀರು ಸೋಸುವ ಮೆಂಬ್ರೇನ್ ಸರಿಯಿತ್ತು. ಟ್ಯಾಂಕಿನಲ್ಲಿ ನೀರು ತುಂಬಿತ್ತು. ಕೆಟ್ಟಿದ್ದು ನಾಣ್ಯ ಎಣಿಸುವ ಡಬ್ಬಿ! ತೊಂಬತ್ತು ರೂಪಾಯಿಯ ಒಂದು ನಲ್ಲಿ ಹಾಕಿದ್ದರೆ ನೀರು ಬರುತ್ತಿತ್ತು, ಆದರೆ ಡಬ್ಬಿಗೆ ಬೀಗ, ಬೀಗಕ್ಕೆ ಸೀಲು, ಕೀಲಿ ಗುತ್ತಿಗೆದಾರನ ಬಳಿ, ಗುತ್ತಿಗೆದಾರ ಇನ್ನೊಂದು ಜಿಲ್ಲೆಯಲ್ಲಿ. ಗಾಜಿನಾಚೆ ತುಂಬಿದ ಟ್ಯಾಂಕು ಕಾಣುತ್ತಿತ್ತು. ಅದನ್ನು ನೋಡಿಕೊಂಡೇ ಜನ ಖಾಲಿ ಕೊಡ ಹೊತ್ತು ಹಳೆಯ ಬೋರಿಂಗ್ ಕಡೆಗೆ ನಡೆಯುತ್ತಿದ್ದರು. ಆ ಬೋರಿಂಗ್ ನೀರು ಸರಿಯಿಲ್ಲ ಎಂದೇ ಅಲ್ಲವೇ ಘಟಕ ಬಂದದ್ದು? ಒಂದು ಭಾಗ ಕೆಟ್ಟರೆ ಉಳಿದ ಭಾಗ ಕೆಲಸ ಮಾಡುವಂತೆ ಇಡಬೇಕು ಎಂಬುದು ದೊಡ್ಡ ಶಾಸ್ತ್ರವೇನಲ್ಲ. ನಮ್ಮ ಮನೆಯ ಗಿರಣಿಯ ಮೋಟಾರಿಗೂ ಪಟ್ಟೆ ಬಿಚ್ಚಿ ಕೈಯಿಂದ ತಿರುಗಿಸುವ ವ್ಯವಸ್ಥೆ ಇತ್ತು.

ಇಷ್ಟು ಹೇಳಿದ ಮೇಲೆ ನೀವು, ಕಾಕಾ ಹಳೆಯದೆಲ್ಲ ಚಿನ್ನ ಎನ್ನುವವರು ಎಂದುಕೊಳ್ಳಬಾರದು. ಬೀಜ ಬಿತ್ತುವ ಕೂರಿಗೆಯನ್ನೇ ತೆಗೆದುಕೊಳ್ಳಿ. ಮರದ ದಿಂಡು, ಬಿದಿರಿನ ಕೊಳವೆ, ಮೇಲೊಂದು ಬಟ್ಟಲು. ಬಟ್ಟಲಿಗೆ ಕಾಳು ಬಿಡುವ ಹೆಣ್ಣುಮಗಳ ಮುಷ್ಟಿಯೇ ಅದರ ಗೇರು. ಎರೆಗೆ ಬೇರೆ, ಮಸಾರಿಗೆ ಬೇರೆ, ಜೋಳಕ್ಕೆ ಬೇರೆ, ಕಡಲೆಗೆ ಬೇರೆ ಎಂದು ಬಡಿಗೇರರು ಸಾಲಿನ ಅಂತರ ನೋಡಿ ಮಾಡಿಕೊಡುತ್ತಿದ್ದರು. ಬಿತ್ತನೆಯ ದಿನ ಮುರಿದರೆ ಅದೇ ದಿನ, ಅದೇ ಹೊಲದ ಬದುವಿನ ಮೇಲೆ ಸರಿಯಾಗುತ್ತಿತ್ತು. ಅದಕ್ಕೆ ಆಗಲೇ ದುಡ್ಡಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಆಯ ಎಂದು ಕಾಳು ಅಳೆದು ಕೊಡುತ್ತಿದ್ದರು. ಈಗ ಕಂಪನಿಗಳು ವಾರ್ಷಿಕ ನಿರ್ವಹಣೆ ಎಂದು ದೊಡ್ಡ ಕಾಗದದ ಮೇಲೆ ಬರೆದು ಕೊಡುವುದು ಇದನ್ನೇ. ಆದರೆ ಆ ಬಡಿಗೇರನಿಗೆ 'ಆಗುವುದಿಲ್ಲ' ಎನ್ನುವ ಸ್ವಾತಂತ್ರ್ಯ ಇರಲಿಲ್ಲ, ಅಳತೆಯಲ್ಲಿ ಕಡಿಮೆ ಬಂದರೆ ಕೇಳುವ ಬಾಯಿಯೂ ಇರಲಿಲ್ಲ. ಆ ಕಾಲ ಹೋದದ್ದು ಒಳ್ಳೆಯದೇ ಆಯಿತು. ಅದರ ಜೊತೆಗೆ ರಿಪೇರಿ ಮಾಡುವವನು ಹೊಲದ ಪಕ್ಕದಲ್ಲೇ ಇರುತ್ತಿದ್ದ ಅನುಕೂಲವೂ ಹೋಯಿತು, ಅಷ್ಟು ಮಾತ್ರ ನನ್ನ ದುಃಖ.

ಕೇಳದೆ ಮಾಡಿದ ಹೊಸದನ್ನು ನಮ್ಮ ಜನ ತಮಗೆ ಬೇಕಾದಂತೆ ತಿದ್ದಿಕೊಳ್ಳುತ್ತಾರೆ, ಅದನ್ನೂ ನೋಡಿದ್ದೇನೆ. ನಾನು ಸಣ್ಣವನಿದ್ದಾಗ ನಮ್ಮ ಮನೆಯಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿದರು. ಅದರ ಬಾಯಿ ಅನ್ನದ ಪಾತ್ರೆಗೆ ಹೇಳಿ ಮಾಡಿಸಿದಂತಿತ್ತು. ಜೋಳದ ರೊಟ್ಟಿಯ ಹಂಚು ಅಗಲ. ಅದಲ್ಲದೆ ರೊಟ್ಟಿ ಉಬ್ಬಬೇಕಾದರೆ ಕೊನೆಗೆ ಕೆಂಡದ ಮಗ್ಗುಲಿಗೆ ನಿಲ್ಲಿಸಬೇಕು, ಅದಕ್ಕೆ ಒಲೆಯ ಮುಂದೆ ಜಾಗ ಬೇಕು. ಅವ್ವ ಎರಡು ದಿನ ನೋಡಿದಳು, ಮೂರನೆಯ ದಿನ ಒರಳಿನ ಗುಂಡು ತಂದು ಒಲೆಯ ಬಾಯಿಯನ್ನು ಸುತ್ತಲೂ ಒಡೆದು ಅಗಲ ಮಾಡಿದಳು. ಹೊಗೆ ಮತ್ತೆ ಬಂತು. ರೊಟ್ಟಿಯೂ ಬಂತು. ಆಮೇಲೆ ನೋಡಲು ಬಂದವರು 'ಫಲಾನುಭವಿ ಒಲೆಯನ್ನು ಸರಿಯಾಗಿ ಬಳಸಿಲ್ಲ' ಎಂದು ಬರೆದುಕೊಂಡು ಹೋದರು.

ಕೇಳಿಸಿಕೊಂಡವರೂ ಇದ್ದಾರೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಹಳ್ಳಿಗಳ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ವಿಭಾಗ ಕಟ್ಟಿದರು, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡರು. ಅಲ್ಲಿಗೆ ಹತ್ತಿರದ ಪುರ ಎಂಬ ಊರಿನಲ್ಲಿ ಅಡುಗೆಗೆಂದು ಇಡೀ ಊರಿಗೊಂದು ಗೋಬರ್ ಅನಿಲ ಸ್ಥಾವರ ಹಾಕಿದರು. ಊರಿನ ಸಗಣಿಯಿಂದ ಬರುವ ಅನಿಲ ಎಲ್ಲರ ಅಡುಗೆಗೆ ಸಾಲಲಿಲ್ಲ, ಸ್ಥಾವರ ನಿಂತಿತು. ಇಂಥ ಕಡೆ ನಾವಾದರೆ ವರದಿ ಬರೆದು ಮುಗಿಸುತ್ತೇವೆ. ಅವರು ಊರಿನವರನ್ನು ಕೇಳಿದರು. ನಮಗೆ ನೀರು ಬೇಕು ಎಂದರು ಊರಿನವರು. ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆಬಾವಿಯ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಓಡಿಸುವ ಕೆಲಸ ಅದೇ ಊರಿನ ಹುಡುಗರದು. ನನಗೆ ಈ ಕಥೆಯಲ್ಲಿ ಹಿಡಿಸುವುದು ಮೊದಲ ಸಲ ಸೋತದ್ದನ್ನು ಅವರು ತಾವೇ ಬರೆದು ಅಚ್ಚು ಹಾಕಿಸಿದ್ದು.

ಪುಣೆಯ ಸಂತೋಷ್ ಓಸ್ತ್ವಾಲ್ ಎಂಬುವರು ಮಾಡಿದ 'ನ್ಯಾನೋ ಗಣೇಶ್' ಎಂಬ ಉಪಕರಣದ ಬಗ್ಗೆಯೂ ಒಂದು ಮಾತು. ಮೊಬೈಲಿನಿಂದ ಹೊಲದ ಪಂಪ್‌ಸೆಟ್ ಚಾಲೂ ಮಾಡಬಹುದು, ಸಾದಾ ಫೋನಿದ್ದರೂ ನಡೆಯುತ್ತದೆ. ನಡುರಾತ್ರಿ ಮೂರು ಫೇಸ್ ಬಂದಾಗ ಹಾವಿನ ಹಾದಿಯಲ್ಲಿ ಟಾರ್ಚ್ ಹಿಡಿದು ನಡೆದವರಿಗೆ ಅದರ ಬೆಲೆ ಗೊತ್ತು. ನೀವು ಮಾತ್ರ ಏನೇ ಮಾಡಿದರೂ ಮುಟ್ಟುವ ಪರದೆ, ಆ್ಯಪು, ಇಂಟರ್ನೆಟ್ ಎನ್ನುತ್ತೀರಿ. ಕಬ್ಬು ಕಡಿಯುವವನ ಬೆರಳನ್ನು ಒಮ್ಮೆ ಹಿಡಿದು ನೋಡಿ. ಚರ್ಮ ಜಡ್ಡುಗಟ್ಟಿ, ಬಿರಿದು, ರೇಖೆಗಳೇ ಅಳಿಸಿಹೋಗಿರುತ್ತವೆ. ರೇಷನ್ ಅಂಗಡಿಯ ಯಂತ್ರವೇ ಅವನ ಹೆಬ್ಬೆರಳನ್ನು ಗುರುತು ಹಿಡಿಯದೆ ನಾಲ್ಕು ಸಲ ಒರೆಸಿ ಒರೆಸಿ ಇಡಿಸುತ್ತದೆ. ಅವನಿಗೆ ನಿಮ್ಮ ಪರದೆಗಿಂತ ಒಂದು ದಪ್ಪನೆಯ ಗುಂಡಿ ಮೇಲು.

ಇನ್ನೊಂದು ವಿಷಯ ಬರೆಯದೆ ಬಿಟ್ಟರೆ ಆ ಹೊಲದ ಆರು ಹೆಣ್ಣುಮಕ್ಕಳಿಗೆ ನಾನು ಮುಖ ತೋರಿಸುವಂತಿಲ್ಲ. ಹುಡುಗರು ಹೊರಟ ಮೇಲೆ ಬುತ್ತಿ ಬಿಚ್ಚುವಾಗ ಅವರಲ್ಲಿ ಒಬ್ಬಳು ಕೇಳಿದಳು: "ಅಣ್ಣಾ, ಅದು ಸರಿಯಾಗಿ ಓಡಿದ್ದರೆ ನಮ್ಮ ಪಗಾರ ಯಾರು ಕೊಡುತ್ತಿದ್ದರು?" ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕಳೆ ತೆಗೆಯುವ ಯಂತ್ರ ರೈತನಿಗೆ ಅಗ್ಗವಾದಷ್ಟೂ ಅವಳಿಗೆ ತುಟ್ಟಿ. ಯಂತ್ರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಳು ಸಿಗದೆ ಬೆಳೆ ಹಾಳಾದವರೂ ನನ್ನ ಗಿರಾಕಿಗಳೇ. 'ಬಡವರಿಗಾಗಿ' ಎಂದು ಮುಖಪುಟದಲ್ಲಿ ಬರೆಯುವಾಗ ಯಾವ ಬಡವರು ಎಂದು ಒಂದು ಸಾಲು ಬರೆಯಿರಿ. ತೆಲಂಗಾಣದ ಚಿಂತಕಿಂದಿ ಮಲ್ಲೇಶಂ ನೇಕಾರರ ಮನೆಯವರು. ಪೋಚಂಪಲ್ಲಿ ಸೀರೆಗೆ ನೂಲು ಕಟ್ಟುವ ಮೊದಲು ಅದನ್ನು ಗೂಟಗಳ ನಡುವೆ ಕೈಬೀಸಿ ಹರಡಬೇಕು, ಒಂದು ಸೀರೆಗೆ ಸಾವಿರಾರು ಬಾರಿ. ಆ ಕೆಲಸದಿಂದ ತಾಯಿಯ ಭುಜ ನೋಯುವುದನ್ನು ನೋಡಿ ನೋಡಿ, ವರ್ಷಗಟ್ಟಲೆ ಒದ್ದಾಡಿ, 1999ರಲ್ಲಿ ಯಂತ್ರ ಮಾಡಿದರು; ಅದಕ್ಕೆ ತಾಯಿಯ ಹೆಸರನ್ನೇ ಇಟ್ಟು ಲಕ್ಷ್ಮಿ ಆಸು ಯಂತ್ರ ಎಂದರು. 2017ರಲ್ಲಿ ಪದ್ಮಶ್ರೀ ಬಂತು. ಸೀರೆಯ ಕೆಲಸ ಅದೇ ಮನೆಯಲ್ಲಿ ಉಳಿಯಿತು, ಭುಜದ ನೋವು ಮಾತ್ರ ಹೋಯಿತು. ಇಳಕಲ್ಲು, ಗುಳೇದಗುಡ್ಡ, ಬನಹಟ್ಟಿ ನಿಮಗೆ ಎಷ್ಟು ದೂರ?

ಬನಹಟ್ಟಿ ಎಂದಾಗ ನೆನಪಾಯಿತು. ಹೋದ ವರ್ಷ ಇಬ್ಬರು ಹುಡುಗಿಯರು ಬಂದರು, ಅವರಲ್ಲಿ ಒಬ್ಬಳು ಅಲ್ಲಿನ ನೇಕಾರರ ಮನೆಯವಳು. ಮೊದಲ ದಿನ ಏನನ್ನೂ ಕೇಳಲಿಲ್ಲ. ಹದಿನೈದು ದಿನ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಆ ಪಂಪುಗಳ ರಾಶಿಯನ್ನು ಒಂದೊಂದಾಗಿ ಬಿಚ್ಚಿ, ಯಾವುದು ಏಕೆ ಕೆಟ್ಟಿದೆ ಎಂದು ಬರೆದುಕೊಂಡರು. ಸ್ವಿಚ್ಚಿಗೆ ಸೈಕಲ್ ಟ್ಯೂಬಿನ ತುಂಡಿನಿಂದ ಟೋಪಿ ಮಾಡಿದರು. ಬ್ಯಾಟರಿ ಅಳತೆ ಮೀರಿ ಇಳಿದರೆ ತಾನಾಗಿ ಕಡಿದುಹಾಕುವ ಪುಟ್ಟ ಬೋರ್ಡನ್ನು ಮುಧೋಳದ ಬಜಾರಿನಲ್ಲಿ ಸಿಗುವ ಬಿಡಿಭಾಗಗಳಿಂದಲೇ ಮಾಡಿದರು. ಅದು ಸುಟ್ಟರೆ ಎರಡು ತಂತಿ ನೇರ ಜೋಡಿಸಿ ಆ ದಿನದ ಕೆಲಸ ಮುಗಿಸಿಕೊಳ್ಳಬಹುದು. ಪಂಪಿನ ಬೆನ್ನಿಗೆ ಕನ್ನಡದ ಚೀಟಿ: 'ಅಮಾವಾಸ್ಯೆಗೊಮ್ಮೆ ಚಾರ್ಜ್ ಮಾಡಿ.' ತಿಂಗಳಿಗೊಮ್ಮೆ ಎಂದು ಏಕೆ ಬರೆಯಲಿಲ್ಲ ಎಂದೆ. "ಕಾಕಾ, ಅಮಾವಾಸ್ಯೆಯ ದಿನ ಯಾರೂ ಎತ್ತು ಹೂಡುವುದಿಲ್ಲ, ಎಲ್ಲರೂ ಮನೆಯಲ್ಲೇ ಇರುತ್ತಾರೆ" ಎಂದಳು ಬನಹಟ್ಟಿಯವಳು. ಮೂವತ್ತೊಂದು ವರ್ಷ ಅಂಗಡಿ ನಡೆಸಿದ ನನಗೆ ಅದು ಹೊಳೆದಿರಲಿಲ್ಲ.

ಅವರಿಗೆ ಅಂಕ ಕಡಿಮೆ ಬಂತು. ಇದರಲ್ಲಿ ಹೊಸತೇನಿದೆ, ಇದು ರಿಪೇರಿ ಎಂದರಂತೆ.

ಹಾಗಾಗಿ ಪತ್ರದ ಉಳಿದ ಭಾಗ ಗುರುಗಳಿಗೆ. ಸಾರ್, ಮೇಡಂ, ನಾನು ನಿಮಗೆ ಪಾಠ ಹೇಳುವಷ್ಟು ಓದಿದವನಲ್ಲ. ಆದರೆ ಪ್ರಾಜೆಕ್ಟ್ ವರದಿಯಲ್ಲಿ ಒಂದು ಪುಟ ಹೆಚ್ಚಿಗೆ ಬರೆಯಿಸಿ. ಅದರ ತಲೆಬರಹ 'ಕೆಟ್ಟರೆ' ಎಂದಿರಲಿ. ಯಾವ ಭಾಗ ಮೊದಲು ಕೆಡುತ್ತದೆ, ಅದು ತಾಲ್ಲೂಕಿನ ಯಾವ ಅಂಗಡಿಯಲ್ಲಿ ಸಿಗುತ್ತದೆ, ಯಾರು ಹಾಕುತ್ತಾರೆ, ಎಷ್ಟು ತಾಸು ಬೇಕು, ಹಾಕುವವರೆಗೆ ಕೆಲಸ ಹೇಗೆ ನಡೆಯುತ್ತದೆ ಎಂದು ಅಲ್ಲಿ ಬರೆಯಲಿ. ವೈವಾ ದಿನ ಒಂದು ಕುರ್ಚಿಯನ್ನು ಯಾರಾದರೂ ಮೆಕ್ಯಾನಿಕ್‌ಗೆ ಹಾಕಿ. ಅವನ ಕೈಗೆ 10-11ರ ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಪಕ್ಕಡ ಕೊಟ್ಟು, ವಿದ್ಯಾರ್ಥಿಗಳು ಬಾಯಿ ಬಿಡದೆ ನಿಂತಿರುವಾಗ, ಯಂತ್ರ ಬಿಚ್ಚಲು ಹೇಳಿ. ಬಿಚ್ಚಿ ಮತ್ತೆ ಜೋಡಿಸಿದರೆ ಪಾಸು. ದಿನಭತ್ಯೆ ಬೇಡ, ಊಟ ಹಾಕಿಸಿದರೆ ಸಾಕು, ನಾನೇ ಬರುತ್ತೇನೆ.

ರಿಪೇರಿ ಸಣ್ಣ ಕೆಲಸ ಎಂದು ಈಗ ದೆಹಲಿಯಲ್ಲೂ ಯಾರೂ ಹೇಳುತ್ತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗೆಂದು ಒಂದು ಜಾಲತಾಣವನ್ನೇ ತೆರೆದಿದೆ. ಅದರಲ್ಲಿ ಕೃಷಿ ಉಪಕರಣಗಳೂ ಸೇರಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಿಂದ ನಮ್ಮ ಬೆಳಗಾವಿಯಲ್ಲೇ ಇದೆ, ಈ ಒಂದು ಪುಟದ ವಿಷಯಕ್ಕೆ ಬೆಂಗಳೂರಿನ ಬಸ್ ಹತ್ತುವ ಅಗತ್ಯವಿಲ್ಲ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತದೆ. ಆ ಹಣದಲ್ಲಿ ಸ್ವಲ್ಪವನ್ನು ತೆಗೆದಿಟ್ಟು, ಮುಂದಿನ ವರ್ಷದ ವಿದ್ಯಾರ್ಥಿಗಳನ್ನು ಹಿಂದಿನ ವರ್ಷದ ಯಂತ್ರ ಇರುವ ಹೊಲಕ್ಕೆ ಕಳುಹಿಸಿ. ಅದು ಓಡುತ್ತಿದೆಯೋ, ಕೋಳಿ ಮುಚ್ಚುವ ಬುಟ್ಟಿಯಾಗಿದೆಯೋ ನೋಡಿ ಬರಲಿ. ಬರುವಾಗ ಬಾಡಿದ ಮುಖ ಮಾಡಿಕೊಂಡು ಬಂದರೆ ಅವರ ಪ್ರಾಜೆಕ್ಟ್ ಚೆನ್ನಾಗಿ ಆಗುತ್ತದೆ.

ವಿದ್ಯಾರ್ಥಿಗಳಿಗೆ ಒಂದೇ ಕೆಲಸ. ಮುಚ್ಚಳದ ಒಳಮೈಗೆ ವೈರಿಂಗ್ ಚಿತ್ರ ಅಂಟಿಸಿ, ಕನ್ನಡದಲ್ಲಿ, ಮಳೆಗೆ ಅಳಿಸದ ಶಾಯಿಯಲ್ಲಿ.

ಅಂಗಡಿ ಬೆಳಿಗ್ಗೆ ಒಂಬತ್ತಕ್ಕೆ ತೆರೆಯುತ್ತದೆ, ಅಮಾವಾಸ್ಯೆ ಬಿಟ್ಟು ಎಲ್ಲ ದಿನವೂ ಇರುತ್ತೇನೆ. ಆ 34 ಕಿಲೋದ ಯಂತ್ರ ಇನ್ನೂ ಇಲ್ಲೇ ಇದೆ, ಹುಡುಗರು ಒಯ್ಯಲಿಲ್ಲ. ಬೋರ್ಡ್ ಹೋಗಿದೆ, ಬ್ಯಾಟರಿಯೂ ಹೋಗಿದೆ. ವೈಪರ್ ಮೋಟಾರ್ ಮಾತ್ರ ಚೆನ್ನಾಗಿದೆ. ಈ ವರ್ಷ ಬೇಕಾದವರು ಬಂದು ಬಿಚ್ಚಿಕೊಂಡು ಹೋಗಬಹುದು.

ಇಂತಿ ನಿಮ್ಮ,
ರಿವೈಂಡಿಂಗ್ ಕಾಕಾ
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ